ದಿನಕ್ಕೆ ಎಷ್ಟು ಅಧ್ಯಾಯ ಓದಬೇಕು?

ಸತ್ಯವೇದ (ಬೈಬಲ್) ಓದುವುದರ ಬಗ್ಗೆ ನನಗೆ ತುಂಬಾ ಜನ ಕೇಳುವ ಪ್ರಶ್ನೆ ಇದು. ಹೊಸದಾಗಿ ನಂಬಿಕೆಗೆ ಬಂದವರು ಕೇಳುತ್ತಾರೆ, ಚಿಕ್ಕಂದಿನಿಂದ ಸಭೆಗೆ ಬರುತ್ತಿರುವವರೂ ಕೇಳುತ್ತಾರೆ. ಆರಾಧನೆ ಮುಗಿದ ಮೇಲೆ ಪಕ್ಕಕ್ಕೆ ಬಂದು, ಸ್ವಲ್ಪ ಸಂಕೋಚದಿಂದ, "ಬ್ರದರ್, ದಿನಾ ಎಷ್ಟು ಅಧ್ಯಾಯ ಓದಿದರೆ ಸಾಕು?" ಅನ್ನುತ್ತಾರೆ. ಅದರ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಹತ್ತು ನಿಮಿಷ ಕೂತು ಮಾತಾಡಿದರೆ ಅದೂ ಹೊರಗೆ ಬರುತ್ತದೆ: "ಓದ್ತಾನೇ ಇದ್ದೀನಿ, ಆದರೆ ನಾನು ಮೊದಲು ಹೇಗಿದ್ದೆನೋ ಹಾಗೇ ಇದ್ದೀನಿ. ಯಾಕೆ?"

ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಉತ್ತರ ಇದು. ಸಂಜೆಯೊಳಗೆ ಎಷ್ಟನ್ನು ನಡೆದು ತೋರಿಸಬಲ್ಲಿರೋ ಅಷ್ಟು ಓದಿ. ಒಂದೇ ವಚನ ಆದರೆ ಒಂದೇ ವಚನ. ಇದು ಸುಲಭದ ದಾರಿ ಅನ್ನಿಸಬಹುದು. ಎರಡು ದಿನ ಮಾಡಿ ನೋಡಿ, ನಾಲ್ಕು ಅಧ್ಯಾಯ ಓದಿ ಮುಗಿಸುವುದೇ ಎಷ್ಟೋ ಸುಲಭ ಅಂತ ಗೊತ್ತಾಗುತ್ತದೆ.

ಮೊದಲನೇ ಶತಮಾನದಲ್ಲಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಕಾಲದ ಒಬ್ಬ ವಿಶ್ವಾಸಿಗೆ ಈ ಪ್ರಶ್ನೆ ಕೇಳಿದ್ದರೆ ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಆಗ ಅಧ್ಯಾಯಗಳೇ ಇರಲಿಲ್ಲವಲ್ಲ. ಈಗ ನಾವು ಬಳಸುವ ಅಧ್ಯಾಯಗಳ ವಿಂಗಡಣೆ ಬಂದಿದ್ದು 13ನೇ ಶತಮಾನದ ಆರಂಭದಲ್ಲಿ, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಸ್ಟೀಫನ್ ಲ್ಯಾಂಗ್ಟನ್ ಅವರಿಂದ. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿರುವ ಸಂಖ್ಯೆ ಹಾಕಿದವರು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು, 1551ರಲ್ಲಿ. ಪೌಲ ಬರೆದದ್ದು ಪತ್ರ. ಅದು ಬಂದಾಗ ಎಲ್ಲರೂ ಸೇರುತ್ತಿದ್ದರು, ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳಿ, ನೆನಪಿನಲ್ಲಿ ಉಳಿದಷ್ಟನ್ನು ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು. ಅಚ್ಚಿನ ಯಂತ್ರ ಬಂದದ್ದು 15ನೇ ಶತಮಾನದಲ್ಲಿ. ಅಲ್ಲಿಯವರೆಗೆ ಬಹುಪಾಲು ಕ್ರೈಸ್ತರ ಮನೆಯಲ್ಲಿ ಸತ್ಯವೇದವೇ ಇರಲಿಲ್ಲ. ಆದರೂ ಅವರು ಶಿಷ್ಯರಾಗಿದ್ದರು, ಮಕ್ಕಳನ್ನು ಬೆಳೆಸಿದರು, ಶತ್ರುಗಳನ್ನು ಕ್ಷಮಿಸಿದರು, ಕೆಲವರು ನಂಬಿಕೆಗಾಗಿ ಜೀವ ಕೊಟ್ಟರು. "ನನಗೆ ಓದೋಕೆ ಬರಲ್ಲ, ನಾನೆಲ್ಲಿ ಶಿಷ್ಯಳಾಗೋದು" ಅಂತ ಒಬ್ಬ ಅಜ್ಜಿ ಕಣ್ಣೀರು ಹಾಕಿದಾಗ ನಾನು ಹೇಳಿದ್ದು ಇದನ್ನೇ. ಕೇಳಿಸಿಕೊಂಡ ಒಂದು ಮಾತನ್ನು ಬಿಡದೆ ಹಿಡಿದುಕೊಂಡವರು ಸಭೆಯ ಇತಿಹಾಸದ ತುಂಬಾ ಇದ್ದಾರೆ ಅಜ್ಜೀ, ನೀವು ಅವರ ಸಾಲಿನಲ್ಲೇ ಇದ್ದೀರಿ.

ನಾನೂ ಲೆಕ್ಕ ಹಾಕಿ ಓದಿದವನೇ. 66 ಪುಸ್ತಕ, 1189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ ಓದಿದರೆ ಒಂದು ವರ್ಷದಲ್ಲಿ ಮುಗಿಯುತ್ತದೆ. ಎರಡು ವರ್ಷ ಹಾಗೇ ಓದಿದೆ. ಅದು ವ್ಯರ್ಥವಾಯಿತು ಅಂತ ಖಂಡಿತ ಹೇಳುವುದಿಲ್ಲ. ಯಾವುದು ಎಲ್ಲಿದೆ ಅಂತ ಇವತ್ತು ನನಗೆ ಗೊತ್ತಿರುವುದು ಆ ಎರಡು ವರ್ಷಗಳಿಂದ. ಆದರೆ ಎರಡನೇ ವರ್ಷದ ಒಂದು ಬೆಳಿಗ್ಗೆಯನ್ನು ಇಲ್ಲಿ ಹೇಳಲೇಬೇಕು.

ಆ ದಿನದ ಪಾಲು ಮತ್ತಾಯ 5, 6, 7. ಬೆಟ್ಟದ ಪ್ರಸಂಗ ಪೂರ್ತಿ, ಕಾಲು ಗಂಟೆಯಲ್ಲಿ. ಐದನೇ ಅಧ್ಯಾಯದ 23 ಮತ್ತು 24ರಲ್ಲಿ ಯೇಸು ಹೇಳುತ್ತಾನೆ: ನೀನು ಕಾಣಿಕೆ ತೆಗೆದುಕೊಂಡು ಯಜ್ಞವೇದಿಯ ಹತ್ತಿರ ಬಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸಮಾಧಾನವಾಗು, ಆಮೇಲೆ ಬಾ. ಆಗ ನಾನು ನನ್ನ ಅಣ್ಣನ ಜೊತೆ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಮಾತು ಬಂದಾಗ, "ನಿನಗೆ ಬೇಕಾಗಿರೋದು ಅಮ್ಮ ಅಲ್ಲ, ಅಮ್ಮನ ಮನೆ" ಅಂದುಬಿಟ್ಟಿದ್ದೆ. ಹಾಗಿದ್ದವನು ಆ ಎರಡು ವಚನ ಓದಿದೆ. ಮುಂದಕ್ಕೆ ಹೋದೆ. ಆರನೇ ಅಧ್ಯಾಯದಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಅನ್ನುವ ಪ್ರಾರ್ಥನೆಯನ್ನೂ ಓದಿದೆ. ಏಳನ್ನೂ ಮುಗಿಸಿ, ಪಟ್ಟಿಯಲ್ಲಿ ಮೂರು ಗುರುತು ಹಾಕಿ, ಕೆಲಸಕ್ಕೆ ಹೊರಟೆ. ಅಣ್ಣನ ನೆನಪು ಬರಲೇ ಇಲ್ಲ. ಈಗ ಅದನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತದೆ.

ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಹೊರಟು ಹೋಗಿ, ತಾನು ಹೇಗಿದ್ದೆ ಅನ್ನುವುದನ್ನೇ ಮರೆತುಬಿಡುವ ಮನುಷ್ಯನ ಬಗ್ಗೆ ಯಾಕೋಬ ಬರೆಯುತ್ತಾನಲ್ಲ, ತನ್ನ ಪತ್ರದ ಮೊದಲನೇ ಅಧ್ಯಾಯದಲ್ಲಿ. ವಾಕ್ಯವನ್ನು ಬರೀ ಕೇಳಿ ಅದರಂತೆ ನಡೆಯದವನು ಅಂಥವನು, ಅವನು ತನ್ನನ್ನು ತಾನೇ ಮೋಸಪಡಿಸಿಕೊಳ್ಳುತ್ತಾನೆ ಅನ್ನುತ್ತಾನೆ. ನಾನು ದಿನಾ ಕನ್ನಡಿ ನೋಡುತ್ತಿದ್ದೆ, ತಪ್ಪದೆ.

ಕೆಲವು ತಿಂಗಳಾದ ಮೇಲೆ ಒಂದು ಚಿಕ್ಕ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಅದೇ ಎರಡು ವಚನಗಳನ್ನು ನಿಧಾನವಾಗಿ ಓದಿದರು. ಓದಿ ಸುಮ್ಮನಾದರು. ಮತ್ತೆ ಓದಿದರು. ಎರಡನೇ ಸಲ ಕೇಳುವಾಗ ನನಗೆ ಒಂದು ವಿಷಯ ಹೊಳೆಯಿತು. 'ನಿನಗೆ ಅವನ ಮೇಲೆ ಏನಾದರೂ ಇದ್ದರೆ' ಅಂತ ಅಲ್ಲಿ ಇಲ್ಲ. 'ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ' ಅಂತ ಇದೆ. ಅಷ್ಟೂ ತಿಂಗಳು ನಾನು ಇಟ್ಟುಕೊಂಡಿದ್ದು ಅಣ್ಣ ನನಗೆ ಮಾಡಿದ್ದರ ಲೆಕ್ಕ. ಯೇಸು ಕೇಳಿದ್ದು ಇನ್ನೊಂದು ಪುಸ್ತಕ. ಅದನ್ನು ನಾನು ತೆರೆದೇ ಇರಲಿಲ್ಲ. ಇನ್ನೊಂದು ಮಾತನ್ನೂ ಅವತ್ತು ಯಾರೋ ಹೇಳಿದರು: ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದಿದ್ದು ಯೆರೂಸಲೇಮಿನಲ್ಲಿ. ನಡುವೆ ಹಲವು ದಿನಗಳ ನಡಿಗೆ. ಕಾಣಿಕೆ ಅಲ್ಲೇ ಬಿಟ್ಟು ಹೋಗು ಅಂದರೆ ಅಷ್ಟೂ ದಾರಿ ವಾಪಸ್ ನಡೆದು, ಮತ್ತೆ ಬಾ ಅಂತ.

ನಾಲ್ಕು ದಿನ ನಾನು ಬೇರೆ ಏನೂ ಓದಲಿಲ್ಲ, ಆ ಎರಡು ವಚನ ಅಷ್ಟೇ. ಐದನೇ ದಿನ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ, ಎತ್ತಲಿಲ್ಲ. ಆಮೇಲೆ ಮೆಸೇಜ್ ಬರೆಯಲು ಕೂತೆ. ತುಂಬಾ ಉದ್ದ ಬಂತು, ನಡುನಡುವೆ 'ಆದರೆ' ಬಂತು. 'ನನ್ನದು ತಪ್ಪು, ಆದರೆ ನೀನೂ...' ಅಳಿಸಿದೆ. ಮತ್ತೆ ಬರೆದೆ, ಮತ್ತೆ ಇನ್ನೊಂದು 'ಆದರೆ' ಎಲ್ಲಿಂದಲೋ ನುಸುಳಿತ್ತು. ಕೊನೆಗೆ ಉಳಿದಿದ್ದು ಇಷ್ಟು: "ಅಣ್ಣಾ, ಅವತ್ತು ಅಮ್ಮನ ವಿಷಯದಲ್ಲಿ ನಾನು ಆಡಿದ ಮಾತು ತಪ್ಪು. ಕ್ಷಮಿಸು." ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಒಂದು ಶಬ್ದ ಬಂತು, "ಸರಿ." ತುಂಬಾ ದಿನ ಅಷ್ಟೇ ಇತ್ತು. ಈಗ ನಾವು ಮಾತಾಡುತ್ತೇವೆ. ಕೆಲವು ವಿಷಯಗಳನ್ನು ಇಬ್ಬರೂ ಇನ್ನೂ ಮುಟ್ಟಿಲ್ಲ.

ಹಾಗಾದರೆ ಒಂದು ವಚನವನ್ನು ಇಡೀ ದಿನ ಹಿಡಿದುಕೊಳ್ಳುವುದು ಹೇಗೆ? ಮೊದಲನೇ ಕೀರ್ತನೆಯಲ್ಲಿ, ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯ ಅಂತ ಇದೆ. 'ಧ್ಯಾನ' ಅಂದ ಕೂಡಲೇ ನಮಗೆ ಕಣ್ಣು ಮುಚ್ಚಿ ಸುಮ್ಮನೆ ಕೂತವರ ಚಿತ್ರ ಬರುತ್ತದೆ. ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಬಾಯಲ್ಲಿ ಗುನುಗುವುದು, ಮೆಲ್ಲಗೆ ಹೇಳಿಕೊಳ್ಳುವುದು ಅನ್ನುವ ಅರ್ಥ ಇದೆ. ಯೆಶಾಯ 31ರಲ್ಲಿ ಸಿಂಹ ತನ್ನ ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಅದೇ ಪದ. ನನಗೆ ಆ ಚಿತ್ರ ತುಂಬಾ ಇಷ್ಟ. ಯಾರು ಬಂದು ಕೂಗಿದರೂ ಸಿಂಹ ಅದನ್ನು ಬಿಟ್ಟು ಹೋಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ, ಮೆಲುಕು ಹಾಕುವುದು. ಹಸು ಮೇಯುವಾಗ ಬೇಗ ಬೇಗ ಮೇಯುತ್ತದೆ, ಆಮೇಲೆ ನೆರಳಲ್ಲಿ ಮಲಗಿ ಅದನ್ನೇ ಮತ್ತೆ ಬಾಯಿಗೆ ತಂದು ಅಗಿಯುತ್ತದೆ. ಮೈಗೆ ಹತ್ತುವುದು ಆಗ. 12ನೇ ಶತಮಾನದಲ್ಲಿ ಗೀಗೊ ಎಂಬ ಸನ್ಯಾಸಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾನೆ: ಓದುವುದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅದನ್ನು ಅಗಿಯುತ್ತದೆ, ಪ್ರಾರ್ಥನೆ ಅದರ ರುಚಿಯನ್ನು ಹೊರತರುತ್ತದೆ.

ನಾನು ಮಾಡುವುದು ತುಂಬಾ ಸರಳ. ಬೆಳಿಗ್ಗೆ ಒಂದು ಸಣ್ಣ ಭಾಗವನ್ನು ಎರಡು ಸಲ ಓದುತ್ತೇನೆ, ಒಂದು ಸಲವಾದರೂ ಬಾಯಿಬಿಟ್ಟು. ಎಲ್ಲಿ ಮನಸ್ಸು ತಡೆದು ನಿಲ್ಲುತ್ತದೋ, ಅಥವಾ ಯಾವ ಮಾತು ಕೇಳಲು ಇಷ್ಟವಾಗುವುದಿಲ್ಲವೋ (ಜಾಸ್ತಿ ಸಲ ಅದೇ ಸರಿಯಾದ ಜಾಗ), ಅಲ್ಲಿ ನಿಲ್ಲುತ್ತೇನೆ. ಅದನ್ನು ಒಂದು ಚೀಟಿಯಲ್ಲಿ ಕೈಯಿಂದ ಬರೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಆ ಮಾತನ್ನೇ ದೇವರಿಗೆ ಹಿಂತಿರುಗಿಸಿ ಪ್ರಾರ್ಥಿಸುತ್ತೇನೆ: ಕರ್ತನೇ, ಇದು ಇವತ್ತು ಎಲ್ಲಿ, ಯಾರ ಹತ್ತಿರ? ಸಾಧ್ಯವಾದರೆ ಒಂದು ಹೆಸರೋ ಒಂದು ಕೆಲಸವೋ ಸಿಗುವವರೆಗೆ ಏಳುವುದಿಲ್ಲ. ರಾತ್ರಿ ಚೀಟಿ ಹೊರಗೆ ತೆಗೆದು, ಇವತ್ತು ಇದು ನನ್ನನ್ನು ಎಲ್ಲಿ ತಡೆಯಿತು, ನಾನು ಎಲ್ಲಿ ಇದನ್ನು ದಾಟಿ ಹೋದೆ ಅಂತ ಕೇಳಿಕೊಳ್ಳುತ್ತೇನೆ. ದಾಟಿ ಹೋಗಿದ್ದರೆ ಅದನ್ನು ಹಾಗೇ ಒಪ್ಪಿಕೊಂಡು, ಮರುದಿನ ಅದೇ ಚೀಟಿ.

ಇಲ್ಲಿ ಒಂದು ಎಚ್ಚರಿಕೆ. ಒಂದೇ ವಚನ ಅಂದಾಗ, ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ಜಾಗದಲ್ಲಿ ಇದ್ದದ್ದನ್ನು ಇವತ್ತಿನ ವಾಗ್ದಾನ ಅಂತ ತೆಗೆದುಕೊಳ್ಳಬೇಡಿ. ಯೆರೆಮೀಯ 29:11 ಎಲ್ಲರಿಗೂ ಪ್ರಿಯ, ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಅನ್ನುವ ಮಾತು. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನವೇ 70 ವರ್ಷ ಅನ್ನುತ್ತದೆ. ಅಂದರೆ ಆ ಪತ್ರ ಕೇಳಿದ ಎಷ್ಟೋ ಜನ ಬಿಡುಗಡೆ ನೋಡದೆ ಅಲ್ಲೇ ಸಾಯುವವರಿದ್ದರು. ಅವರಿಗೆ ಸಿಕ್ಕ ಆಜ್ಞೆ ಏನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನಿಮ್ಮನ್ನು ಸೆರೆ ಒಯ್ದವರ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. 11ನೇ ವಚನವನ್ನು ಗೋಡೆಗೆ ಹಾಕಿಕೊಂಡು ಹೀಗೆ ಪ್ರಾರ್ಥಿಸಿ ಅನ್ನುವ 7ನೇ ವಚನವನ್ನು ಬಿಟ್ಟುಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಅರ್ಧ ಪತ್ರ. ಅದಕ್ಕೇ ನಾನು ಬಿಡುವಿದ್ದ ದಿನ ಒಂದು ಇಡೀ ಪುಸ್ತಕವನ್ನು ಒಂದೇ ಸಲಕ್ಕೆ ಓದುತ್ತೇನೆ. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ ಬರೀ ನಾಲ್ಕು ಅಧ್ಯಾಯ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ವಾರದ ದಿನಗಳಲ್ಲಿ ಅದರ ಒಂದೊಂದು ಮಾತನ್ನು ಮೆಲುಕು ಹಾಕುವಾಗ, ಇದನ್ನು ಬರೆದವನು ಬೇಡಿಯಲ್ಲಿದ್ದ ಅನ್ನುವುದು ಮರೆಯುವುದಿಲ್ಲ.

ಒಬ್ಬರೇ ಓದಿದರೆ ಸಾಲದು ಅನ್ನುವುದನ್ನೂ ಹೇಳಬೇಕು. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದಾಗ ಫಿಲಿಪ್ಪ ಎಂಬ ಸುವಾರ್ತಿಕ, "ಓದುತ್ತಿರುವುದು ಅರ್ಥವಾಗುತ್ತಿದೆಯೇ?" ಅಂತ ಕೇಳಿದ. ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಅರ್ಥವಾದೀತು ಅಂದ ಆ ದೊಡ್ಡ ಮನುಷ್ಯ. ನನಗೂ ಅಣ್ಣನ ಮುಖ ಕಾಣಿಸಿದ್ದು ಇನ್ನೊಬ್ಬರು ಓದಿದಾಗಲೇ ಅಲ್ವಾ.

ಏನೂ ಅನ್ನಿಸದ ದಿನಗಳು? ಬರುತ್ತವೆ, ಎಲ್ಲರಿಗೂ. ವಾರಗಟ್ಟಲೆ ಬರುತ್ತವೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತೋತ್ರ ಇಲ್ಲ, ಬೆಳಕು ಇಲ್ಲ. ಆದರೂ ಅದು ಪ್ರಾರ್ಥನೆ ಅಂತಲೇ ಸತ್ಯವೇದದಲ್ಲಿ ಉಳಿದಿದೆ. ಅಂಥ ದಿನಗಳಲ್ಲಿ ನಾನು ಹೊಸ ಭಾಗ ಹುಡುಕಲು ಹೋಗುವುದಿಲ್ಲ, ಹಳೆಯ ಚೀಟಿಯನ್ನೇ ಇಟ್ಟುಕೊಳ್ಳುತ್ತೇನೆ. ಮಾಡುವುದಕ್ಕೆ ಮನಸ್ಸು ಉಕ್ಕಿ ಬರಬೇಕಾಗಿಲ್ಲ. ತನ್ನನ್ನು ಹಿಂಬಾಲಿಸಲು ಬಯಸುವವನು ತನ್ನ ಶಿಲುಬೆ ಹೊತ್ತುಕೊಳ್ಳಲಿ ಅನ್ನುವ ಮಾತು ಮತ್ತಾಯ, ಮಾರ್ಕ, ಲೂಕ ಮೂರರಲ್ಲೂ ಇದೆ. ಲೂಕ ಒಬ್ಬನೇ ಅದಕ್ಕೆ 'ಪ್ರತಿದಿನ' ಅಂತ ಸೇರಿಸಿದ್ದಾನೆ. ನನಗೆ ಆ ಒಂದು ಪದದಿಂದ ದೊಡ್ಡ ಸಮಾಧಾನ. ಇಡೀ ಜೀವನದ ಶಿಲುಬೆಯನ್ನು ಒಂದೇ ಬೆಳಿಗ್ಗೆ ಹೊರಬೇಕಾಗಿಲ್ಲ.

ಈ ವಾರ ನನ್ನ ಜೇಬಿನಲ್ಲಿರುವುದು ಯಾಕೋಬ 1:19. ಕೇಳುವುದರಲ್ಲಿ ಬೇಗ, ಮಾತಾಡುವುದರಲ್ಲಿ ನಿಧಾನ, ಕೋಪಿಸುವುದರಲ್ಲೂ ನಿಧಾನ. ನಿನ್ನೆ ರಾತ್ರಿ ಮಗಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದಳು. ಭಾಗಾಕಾರ. ಹೇಳಿಕೊಟ್ಟೆ. ಮತ್ತೆ ಅದನ್ನೇ ಕೇಳಿದಳು, ಮತ್ತೆ ಹೇಳಿಕೊಟ್ಟೆ. ಮೂರನೇ ಸಲ ಅದನ್ನೇ ಕೇಳಿದಾಗ ನನ್ನ ಬಾಯಿ ತೆರೆದಿತ್ತು, ಮಾತು ನಾಲಿಗೆಯ ತುದಿಯಲ್ಲಿತ್ತು. ಕೈ ಜೇಬಿಗೆ ಹೋಯಿತು, ಚೀಟಿ ಬೆರಳಿಗೆ ತಾಗಿತು. ಬಾಯಿ ಮುಚ್ಚಿದೆ.

"ಏನಪ್ಪಾ?" ಅಂದಳು, ನನ್ನ ಮುಖ ನೋಡಿ.

"ಏನಿಲ್ಲ ಮಗಳೇ. ಇನ್ನೊಂದು ಸಲ ಹೇಳು, ಸರಿಯಾಗಿ ಕೇಳಿಸಿಕೊಳ್ತೀನಿ."

ಪೆನ್ಸಿಲಿನ ತುದಿ ಕಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಲೆಕ್ಕ ಅವಳಿಗೆ ಮೊದಲನೇ ಸಲವೇ ಅರ್ಥವಾಗಿತ್ತು. ನಾಳೆ ತರಗತಿಯಲ್ಲಿ ಎಲ್ಲರ ಮುಂದೆ ನಿಂತು ಮಾಡಬೇಕಂತೆ, ಅದಕ್ಕೆ ಹೆದರಿಕೆ. ಪುಸ್ತಕ ಮುಚ್ಚಿಟ್ಟು ಇಬ್ಬರೂ ಅದರ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು.