ಹೊಗಳಿಕೆಗೆ ಆಸೆಪಡುವುದೂ ಪಾಪವೇ?

ಕ್ರೈಸ್ತ ಧರ್ಮಶಾಸ್ತ್ರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ‘ಮಾಡಿದ ಒಳ್ಳೆಯ ಕೆಲಸಕ್ಕೆ ನಾಲ್ಕು ಜನ ಭೇಷ್ ಅನ್ನಲಿ ಅಂದುಕೊಂಡರೆ ಅದೂ ಪಾಪವಾ? ಹಾಗಿದ್ದರೆ ಬೇರೆ ಪಾಪಗಳನ್ನು ಹುಟ್ಟಿಸುವ ಏಳು ಮೂಲಪಾಪಗಳಲ್ಲಿ ಒಣಹೆಮ್ಮೆಯ ಹೆಸರೇ ಇಲ್ಲವಲ್ಲ?’

ಒಣಹೆಮ್ಮೆ ಎಂದರೆ ಜನರ ಹೊಗಳಿಕೆಗಾಗಿ ಹಂಬಲಿಸುವ ಟೊಳ್ಳು ಹೆಮ್ಮೆ. ಅದರ ಹೆಸರು ಮೊದಲು ಇತ್ತು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಎಂಟು ಕೆಟ್ಟ ಯೋಚನೆಗಳನ್ನು ಪಟ್ಟಿ ಮಾಡಿದಾಗ ಒಣಹೆಮ್ಮೆ ಮತ್ತು ಗರ್ವ ಬೇರೆಬೇರೆಯಾಗಿಯೇ ಇದ್ದವು. 6ನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಗರ್ವವನ್ನು ಎಲ್ಲ ಪಾಪಗಳ ಮೂಲವೆಂದು ಪ್ರತ್ಯೇಕಿಸಿ, ಏಳರಲ್ಲಿ ಮೊದಲ ಸ್ಥಾನವನ್ನು ಒಣಹೆಮ್ಮೆಗೆ ಕೊಟ್ಟರು. ಮುಂದೆ ಆ ಜಾಗಕ್ಕೆ ಗರ್ವವೇ ಬಂದು ಕೂತಿತು. ಇದರಿಂದ ನಷ್ಟವಾಯಿತೆಂದೇ ನನ್ನ ಅನಿಸಿಕೆ. ಗರ್ವಿಷ್ಠನಿಗೆ ಯಾರ ಹಂಗೂ ಬೇಡ, ಒಣಹೆಮ್ಮೆಯವನಿಗೆ ನೋಡುವವರು ಬೇಕೇ ಬೇಕು. ಎರಡಕ್ಕೂ ಮದ್ದು ಒಂದೇ ಅಲ್ಲ.

ಇನ್ನು ಹೊಗಳಿಕೆಯ ವಿಷಯ. 13ನೇ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಪ್ರಕಾರ ಒಳ್ಳೆಯದು ಜನರ ಕಣ್ಣಿಗೆ ಬೀಳಲಿ ಎಂಬ ಆಸೆಯೇ ಪಾಪವಲ್ಲ. ‘ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ’ ಎಂದು ಯೇಸುವೇ ಹೇಳಿದ್ದಾರೆ (ಮತ್ತಾಯ 5:16). ಆ ಆಸೆ ಟೊಳ್ಳಾಗುವುದು ಮೂರು ಕಡೆ. ಹೊಗಳಿಸಿಕೊಳ್ಳುವ ಸಂಗತಿ ಸುಳ್ಳೋ ಕ್ಷುಲ್ಲಕವೋ ಆದಾಗ. ಹೊಗಳುವವರ ತೀರ್ಪಿಗೆ ಬೆಲೆಯಿಲ್ಲದಾಗ. ಆ ಹೊಗಳಿಕೆ ದೇವರ ಮಹಿಮೆಗಾಗಲಿ ನೆರೆಯವರ ಒಳಿತಿಗಾಗಲಿ ತಲುಪದೆ ನನ್ನಲ್ಲೇ ನಿಂತಾಗ. ಹೆಚ್ಚಿನ ಸಲ ಇದು ಲಘು ಪಾಪ. ಜನರ ಮೆಚ್ಚುಗೆಯೇ ಬದುಕಿನ ಕೊನೆಯ ಗುರಿಯಾಗಿ, ಅದಕ್ಕಾಗಿ ದೇವರ ಆಜ್ಞೆ ಮೀರಲೂ ಸಿದ್ಧನಾದರೆ ಅದು ದೇವರ ಕೃಪೆಯನ್ನೇ ಕಳೆಯುವ ಮಾರಕ ಪಾಪ.

ಚರ್ಚಿಗೆ ಬೆಂಚು ಕೊಟ್ಟು, ಬೆನ್ನಿನ ಹಲಗೆಯ ಮೇಲೆ ‘ದಾನಿಗಳು’ ಎಂದು ಹೆಸರು ಬರೆಸುವುದನ್ನೇ ತೆಗೆದುಕೊಳ್ಳಿ. ದಾನ ನಿಜ, ಮೊದಲ ಪರೀಕ್ಷೆ ಪಾಸು. ಹೆಸರು ನೋಡಿ ಇನ್ನಿಬ್ಬರು ಕೊಡಲು ಮುಂದೆ ಬರಲಿ ಎಂದಿದ್ದರೆ ಮೂರನೆಯದೂ ಪಾಸು. ಆದರೆ ಬೆಂಚನ್ನು ಹಿಂದಿನ ಸಾಲಿಗೆ ಸರಿಸಿದಾಗ ಮುನಿಸು ಬಂದರೆ, ಕೊಟ್ಟದ್ದು ಯಾರಿಗೆಂದು ಕೇಳಿಕೊಳ್ಳಬೇಕು.

ಹಾಗಾದರೆ ಗುಟ್ಟಾಗಿ ಕೊಟ್ಟರಾಯಿತಲ್ಲ? ಈಸ್ಟರ್‌ಗೆ ಮುಂಚಿನ ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರ ಓದುವ ಸುವಾರ್ತೆ ಹೇಳುವುದೂ ಅದನ್ನೇ: ದಾನ, ಪ್ರಾರ್ಥನೆ, ಉಪವಾಸ ಮೂರೂ ಮರೆಯಲ್ಲಿರಲಿ. ಆದರೆ ಮರೆಯಲ್ಲೂ ಒಣಹೆಮ್ಮೆ ಹುಟ್ಟುತ್ತದೆ. ಸಿಪ್ಪೆ ಸುಲಿದಷ್ಟೂ ಒಳಗೆ ಇನ್ನೊಂದು ಸಿಪ್ಪೆಯಿರುವ ಈರುಳ್ಳಿಗೆ ಹಿರಿಯರು ಇದನ್ನು ಹೋಲಿಸುತ್ತಿದ್ದರೆಂದು ಬರೆದವರು ಸನ್ಯಾಸಿ ಜಾನ್ ಕ್ಯಾಸಿಯನ್. ಒಳ್ಳೆಯ ಬಟ್ಟೆಯಿಂದ ಜಂಬ ಬರದವನಿಗೆ ಹರಕು ಬಟ್ಟೆಯಿಂದ ಬರುತ್ತದೆ. ‘ಹೆಸರು ಬೇಡವೇ ಬೇಡ ಅಂದುಬಿಟ್ಟೆ’ ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ಬರುವುದೂ ಇದೇ ಜಾತಿ. ಉಳಿದ ಪಾಪಗಳು ಸೋತಲ್ಲಿ ಬೆಳೆಯುತ್ತವೆ, ಇದು ಗೆದ್ದಲ್ಲಿ.

ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಸಿದ್ಧರಾಗುವವರು ‘ಹೆಮ್ಮೆ ಪಟ್ಟೆ’ ಎಂದಷ್ಟೇ ಹೇಳಿದರೆ ಗುರುಗಳಿಗೂ ದಾರಿ ತೋರಿಸುವುದು ಕಷ್ಟ. ಒಣಹೆಮ್ಮೆಯ ಮಕ್ಕಳನ್ನು, ಅಂದರೆ ಅದರಿಂದ ಹುಟ್ಟುವ ಪಾಪಗಳನ್ನು ಹುಡುಕಿ. ಅಕ್ವಿನಾಸ್ ಏಳು ಹೇಳುತ್ತಾರೆ. ತನ್ನನ್ನು ತೋರಿಸಿಕೊಳ್ಳಲು ಬಡಾಯಿ, ಕಪಟ, ಹೊಸತರ ಗೀಳು. ಇನ್ನೊಬ್ಬರಿಗಿಂತ ಕಡಿಮೆ ಕಾಣಬಾರದೆಂದು ಹಟ, ಒಡಕು, ವಾಗ್ವಾದ, ಅವಿಧೇಯತೆ. ಬಡಾಯಿ ಎಲ್ಲರಿಗೂ ಗೊತ್ತಾಗುತ್ತದೆ. ತಪ್ಪಿಹೋಗುವುದು ಎರಡನೇ ಗುಂಪು. ಸಭೆಯಲ್ಲಿ ಎದುರಿನವರು ಹೇಳಿದ್ದೇ ಸರಿ ಅನಿಸಿದ ಮೇಲೂ ಮಾತು ಬದಲಿಸಲಾಗದೆ ವಾದ ಎಳೆದದ್ದಿದೆಯಲ್ಲ, ಅದನ್ನು ಹೇಳಿ. ಒಣಹೆಮ್ಮೆ ಬಂದೀತೆಂದು ಹೆದರಿ ದಾನ, ಪ್ರಾರ್ಥನೆಗಳನ್ನೇ ಬಿಡುವವರೂ ಇದ್ದಾರೆ, ದಯವಿಟ್ಟು ಬಿಡಬೇಡಿ. ಕೆಲಸ ಮುಂದುವರಿಸಿ, ಉದ್ದೇಶವನ್ನು ಅಲ್ಲಲ್ಲೇ ತಿದ್ದಿಕೊಳ್ಳಿ.