ಟೈಮ್ ಎಲ್ಲಿ ಸಿಗುತ್ತೆ ಅಂತ ಕೇಳಬೇಡಿ

ಹಳೇ ಬಟ್ಟೆ ತುಂಡು ಕೂಡಿಸಿ ಕೌದಿ ಹೊಲಿಯೋಕೆ, ತಾರಸಿಗೆ ಸುಣ್ಣ ಬಳಿಯೋಕೆ, ಸೋರುವ ನಲ್ಲಿ ಬಿಚ್ಚಿ ವಾಷರ್ ಹಾಕೋಕೆ "ನಿಂಗೆ ಟೈಮ್ ಎಲ್ಲಿ ಸಿಗುತ್ತಮ್ಮಾ?" ಬಳ್ಳಾರಿಯಲ್ಲಿ ನನ್ನನ್ನು ಬಲ್ಲವರೆಲ್ಲ ಒಂದಲ್ಲ ಒಂದು ಸಲ ಹೀಗೆ ಕೇಳಿದ್ದಾರೆ. ಸ್ಟಾಫ್ ರೂಮಿನಲ್ಲಿ, ಊಟದ ಪಂಕ್ತಿಯಲ್ಲಿ, ತರಕಾರಿ ಗಾಡಿ ಮುಂದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಪಾಠ ಮಾಡುತ್ತೇನೆ, ಪೇಪರ್ ತಿದ್ದುತ್ತೇನೆ, ಚುನಾವಣೆ ಡ್ಯೂಟಿ ಬಂದರೆ ಹೋಗುತ್ತೇನೆ. ರಾತ್ರಿ ಪಾತ್ರೆ ತೊಳೆದ ಮೇಲೆ ಮಲಗುವ ತನಕದ ಹೊತ್ತು ಕೌದಿಗೆ. ನೀರು ಬಿಡುವ ದಿನ ಮನೆ ರಿಪೇರಿಗೆ. ನಮ್ಮ ಏರಿಯಾದಲ್ಲಿ ನಲ್ಲಿಗೆ ದಿನಾ ನೀರು ಬರಲ್ಲ. ಬಂದ ದಿನ ಸಂಪು, ಡ್ರಮ್ಮು, ಕೊಡ ಎಲ್ಲ ತುಂಬುವವರೆಗೆ ಮನೆ ಬಿಟ್ಟು ಕದಲುವ ಹಾಗಿಲ್ಲ. ಹೆಂಗೂ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಒಂದು ಬಾಗಿಲಿನ ಚಿಲಕ ಸರಿಹೋಗುತ್ತದೆ.

ಇನ್ನೊಂದು ಮಾತು. ಹೊಲಿಯೋದಕ್ಕಿಂತ ಹರವೋದಕ್ಕೆ, ಮತ್ತೆ ಮಡಚಿ ಎತ್ತಿಡೋದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಅದಕ್ಕೇ ನಾನು ಎತ್ತಿಡುವುದಿಲ್ಲ. ಪಡಸಾಲೆಯ ಮೂಲೆಯಲ್ಲಿ ಚಾಪೆ ಮೇಲೆ ಕೌದಿ ಹಾಸಿಯೇ ಇರುತ್ತದೆ. ದಾರ ಪೋಣಿಸಿದ ಸೂಜಿಗಳು ಪಕ್ಕದ ದಿಂಬಿಗೆ ಚುಚ್ಚಿರುತ್ತವೆ. ಕೂತ ಕೂಡಲೇ ಹೊಲಿಗೆ ಶುರು. ಮನೆಗೆ ಬಂದವರಿಗೆ ಅಡ್ಡ ಅನ್ನಿಸಿದರೆ ಬಳಸಿಕೊಂಡು ಓಡಾಡಲಿ.

ಇಷ್ಟೇ ಉತ್ತರ. ಆದರೆ ಕೇಳುವವರಿಗೆ ಬೇಕಾಗಿರುವುದು ಇದಲ್ಲ.

ಹೋದ ವರ್ಷ ನಮ್ಮ ನಾದಿನಿ ಮಗಳ ಕೂಸಿನ ತೊಟ್ಟಿಲು ಕಾರ್ಯಕ್ಕೆ ಒಂದು ಸಣ್ಣ ಕೌದಿ ಹೊಲಿದುಕೊಂಡು ಹೋಗಿದ್ದೆ. ಅದನ್ನು ತೊಟ್ಟಿಲಿಗೆ ಹಾಸುತ್ತಿದ್ದ ಹಾಗೆಯೇ ಗಂಡನ ಕಡೆಯ ಹಿರಿಯರೊಬ್ಬರು, "ಚೆಂದ ಐತಮ್ಮಾ. ಆದ್ರೆ ಇದಕ್ಕೆಲ್ಲ ನಿಂಗೆ ಟೈಮ್ ಎಲ್ಲಿ ಸಿಗುತ್ತೆ? ಮನೆ, ಮಕ್ಕಳನ್ನ ಯಾರು ನೋಡ್ತಾರೆ?" ಅಂದರು. ಪಕ್ಕದಲ್ಲಿದ್ದವರು, "ಪಾಪ, ಯಜಮಾನ್ರು ಅಡ್ಜಸ್ಟ್ ಮಾಡ್ಕೊಂತಾರೆ ಬಿಡ್ರಿ" ಅಂತ ಸೇರಿಸಿದರು. ಯಜಮಾನರು ಅಲ್ಲೇ ನಿಂತಿದ್ದರು. ಅವರು ದಿನಾ ಸಂಜೆ ಶಟಲ್ ಆಡುತ್ತಾರೆ. ಅದಕ್ಕೆ ಟೈಮ್ ಎಲ್ಲಿಂದ ಬಂತು ಅಂತ ಅವರನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. "ಮನೆ ಇಬ್ಬರೂ ನೋಡ್ಕೊಂತೀವಿ ಅತ್ತೆಮ್ಮಾ, ಭಾನುವಾರದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲ ಅವರದೇ" ಅಂದೆ. ಎಲ್ಲರೂ ನಕ್ಕರು. ನಾನು ನಗೋಕೆ ಹೇಳಿದ್ದಲ್ಲ.

ಆ ಕೌದಿಯ ತುಂಬ ಕೂಸಿನ ಮುತ್ತಜ್ಜಿಯ ಸೀರೆಯ ಚೂರುಗಳಿದ್ದವು. ಯಾರೂ ಗುರುತಿಸಲಿಲ್ಲ. ಟೈಮಿನ ಮಾತು ಎತ್ತಿದವರು ಎದುರಿಗಿರುವ ವಸ್ತುವನ್ನು ನೋಡುವುದೇ ಇಲ್ಲ, ನನಗೆ ಕೋಪ ಬರುವುದು ಅದಕ್ಕೆ. ನಮ್ಮೂರಿನ ಬಳ್ಳಾರಿ ರಾಘವರನ್ನೇ ನೋಡಿ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡರು. ವೃತ್ತಿಯಿಂದ ವಕೀಲರು, ಹೆಸರಾಗಿದ್ದು ರಂಗದ ಮೇಲೆ. ಹೆಣ್ಣುಮಕ್ಕಳು ನಾಟಕಕ್ಕೆ ಬರಲಿ ಅಂತ ಒತ್ತಾಸೆಯಾಗಿ ನಿಂತವರು. ಇವತ್ತಿಗೂ ಅವರ ಹೆಸರಿನ ಕಲಾಮಂದಿರದಲ್ಲಿ ನಾಟಕ ಆಗುತ್ತವೆ, ಅಲ್ಲಿ ಕೂತು ಅವರ ಮಾತಾಡುವವರು ಅವರ ಅಭಿನಯದ ಬಗ್ಗೆ ಮಾತಾಡುತ್ತಾರೆ. ಕೋರ್ಟು ಕಚೇರಿ ನಡುವೆ ಅವರಿಗೆ ಟೈಮ್ ಎಲ್ಲಿತ್ತು ಅಂತ ತಲೆ ಕೆಡಿಸಿಕೊಂಡವರನ್ನು ನಾನು ನೋಡಿಲ್ಲ. ಅವರ ಸಮ ನಾನು ಅಂತಲ್ಲ. ನೋಡುವ ಕಣ್ಣು ಮಾತ್ರ ಅದೇ ಇರಲಿ ಅಂತ.

ಹಾಗೆ ನೋಡಿದವರು ಒಬ್ಬರಿದ್ದಾರೆ. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು. ಕಟಿಂಗ್ ಆದ ಮೇಲೆ ಉಳಿಯುವ ತುಂಡುಗಳನ್ನು ಒಂದು ಸಣ್ಣ ಯೂನಿಟ್ಟಿನಿಂದ ಚೀಲದಲ್ಲಿ ತುಂಬಿಸಿಕೊಂಡು ಬರುತ್ತೇನೆ. ಅಲ್ಲಿನ ಕಟಿಂಗ್ ಮಾಸ್ಟರ್ ಮೊಬೈಲಿನಲ್ಲಿ ನನ್ನ ಕೌದಿಯ ಫೋಟೋ ದೊಡ್ಡದು ಮಾಡಿ ನೋಡಿ ಕೇಳಿದ್ದು: "ಟೀಚರಮ್ಮಾ, ನಾಲ್ಕು ತುಂಡು ಕೂಡೋ ಜಾಗದಲ್ಲಿ ದಪ್ಪ ಆಗಲ್ವಾ? ಕೈಸೂಜಿ ಹೆಂಗೆ ಇಳೀತು?"

ಎಷ್ಟು ಖುಷಿಯಾಯಿತು ಅಂದರೆ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಹಳೇ ಸೀರೆ, ಧೋತರದ ತುಂಡಾದರೆ ಅಂಚು ಮಡಚಿ ಹೊಲಿಯಬಹುದು. ಜೀನ್ಸ್ ಮಡಚಿದರೆ ನಾಲ್ಕು ತುಂಡು ಕೂಡುವ ಕಡೆ ಎಂಟು ಪದರ ಆಗುತ್ತದೆ, ಸೂಜಿ ಬಾಗುತ್ತದೆ, ಬೆರಳು ನೋಯುತ್ತದೆ. ಹಾಗಾಗಿ ನಾನು ಜೀನ್ಸ್ ಅಂಚನ್ನು ಮಡಚುವುದಿಲ್ಲ. ತುಂಡಿಗೆ ತುಂಡು ತಾಗಿಸಿ ಇಟ್ಟು, ಸಂದಿನ ಮೇಲೆ ಎರಡು ಬೆರಳಗಲದ ಹತ್ತಿ ಪಟ್ಟಿ ಕೂರಿಸಿ, ಪಟ್ಟಿಯ ಎರಡೂ ಅಂಚು ಹಿಡಿದು ಹೊಲಿಯುತ್ತೇನೆ. ಒಳಪದರಕ್ಕೆ ಹಳೇ ಧೋತರ ಮಾತ್ರ. ಅಲ್ಲಿಗೂ ಜೀನ್ಸ್ ತುಂಬಿದರೆ ಒಗೆದ ಮೇಲೆ ಹಿಂಡೋಕೆ ಇಬ್ಬರು ಬೇಕಾಗುತ್ತದೆ. ಹೊಸ ಜೀನ್ಸ್ ತುಂಡು ನೀಲಿ ಬಣ್ಣ ಬಿಡುತ್ತದೆ, ಅದಕ್ಕೆ ನೀರು ತಿಳಿಯಾಗುವವರೆಗೆ ಮೊದಲೇ ತೊಳೆದಿಟ್ಟುಕೊಳ್ಳಬೇಕು. ಮಾಸ್ಟರ್ ಎಲ್ಲ ಕೇಳಿ, "ಪಟ್ಟಿನ ಕ್ರಾಸಾಗಿ ಕತ್ತರಿಸಿ ನೋಡ್ರಿ, ತಿರುವಿನಲ್ಲಿ ಸುಕ್ಕು ಬರಲ್ಲ" ಅಂದರು. ಅವತ್ತಿನಿಂದ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯೇ. ಮೂಲೆಗಳು ಈಗ ಎಷ್ಟು ನುಣ್ಣಗೆ ಕೂರುತ್ತವೆ ಅಂತ ಬಂದು ಮುಟ್ಟಿ ನೋಡಿ.

ತಾರಸಿಯದೂ ಇದೇ ಕಥೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಬಿಳಿ ಬಳಿದರೆ ಬಿಸಿಲು ಅಷ್ಟಾದರೂ ಹಿಂದಕ್ಕೆ ಹೋಗುತ್ತದೆ. "ನಮ್ಮ ಮನೆ ಸುಣ್ಣ ತಿಂಗಳಿಗೇ ಪುಡಿ ಆಯ್ತು, ನಿಮ್ಮದು ಹೆಂಗೆ ನಿಂತಿದೆ?" ಅಂತ ಕೇಳಿ, ಸಂತೋಷವಾಗಿ ಹೇಳುತ್ತೇನೆ. ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠದಲ್ಲೇ ಇದೆ: ಬಳಿದ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, ಅಂದರೆ ಗಟ್ಟಿಯಾಗುತ್ತದೆ. ಹಾಗಾಗೋಕೆ ಎರಡು ಮೂರು ದಿನ ಬೇಕು, ಪಸೆ ಬೇಕು. ಕಾದ ಒಣ ತಾರಸಿಗೆ ನಡು ಮಧ್ಯಾಹ್ನ ಬಳಿದರೆ ನೀರು ಅಲ್ಲೇ ಆರಿಹೋಗಿ ಸುಣ್ಣ ಪುಡಿಯಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಸುಟ್ಟ ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಕಲಸಿ, ಹೊತ್ತು ಇಳಿದ ಮೇಲೆ ತಾರಸಿ ತೊಳೆದು ಒದ್ದೆ ಇರುವಾಗಲೇ ತೆಳ್ಳಗೆ ಬಳಿಯಬೇಕು. ಮರುದಿನ ಸಂಜೆ ನೀರು ಚಿಮುಕಿಸಿ ಎರಡನೇ ಕೈ. ಅರಳುವಾಗ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ದೂರ ಕಳಿಸಿ, ಕನ್ನಡಕ ಹಾಕಿಕೊಂಡೇ ಹತ್ತಿರ ಹೋಗಿ.

ಇಂಥದ್ದನ್ನು ಎಷ್ಟು ಹೊತ್ತು ಕೇಳಿದರೂ ನನಗೆ ಬೇಸರವಿಲ್ಲ. ನನ್ನದೂ ಒಂದು ಪ್ರಶ್ನೆ ಇದೆ. ನಮ್ಮದು ಹಳೇ ಮನೆ, ತಾರಸಿ ಆಮೇಲೆ ಹಾಕಿದ್ದು. ಅಡುಗೆಮನೆ ಗೋಡೆ ಮಾತ್ರ ಇನ್ನೂ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ. ಅದಕ್ಕೆ ಕಡಪಾ ಕಲ್ಲಿನ ಶೆಲ್ಫ್ ಕೂರಿಸಬೇಕು. ಡ್ರಿಲ್ ಇಟ್ಟರೆ ಸಂದಿನ ಮಣ್ಣು ಸುರಿಯುತ್ತದೆ, ಆಂಗಲ್ ಹಿಡಿಯುವುದಿಲ್ಲ. ಗೋಡೆ ಕೊರೆದು ಕಲ್ಲನ್ನೇ ಒಳಕ್ಕೆ ಸೇರಿಸಬೇಕೋ, ಕೆಳಗಿನಿಂದ ಕಾಲು ಕೊಡಬೇಕೋ? ಒಳಕ್ಕೆ ಸೇರಿಸುವುದಾದರೆ ಎಷ್ಟು ಇಂಚು? ಇಂಥ ಗೋಡೆಗೆ ಕೂರಿಸಿದವರು ಇದ್ದರೆ ದಯವಿಟ್ಟು ಬರೆದು ತಿಳಿಸಿ.