ಉಡುಗೆ ಹೋಯಿತು, ದಾಖಲೆ ಉಳಿಯಿತು

ನಿನ್ನೆ ರಾತ್ರಿ ಸುಮ್ನೆ ಹಳೆಯ ಈಜು ರೇಸ್‌ಗಳನ್ನು ನೋಡುತ್ತಾ ಕೂತಿದ್ದೆ. 2009ರ ವಿಶ್ವ ಚಾಂಪಿಯನ್‌ಶಿಪ್, ರೋಮ್. ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನಂಥ ವಸ್ತುವಿನ ಈಜುಡುಗೆಗಳ ಕಾಲ ಅದು. ಮೈಯನ್ನು ಬಿಗಿಯಾಗಿ ಹಿಡಿದು, ನೀರಲ್ಲಿ ದೇಹವನ್ನು ಒಂಚೂರು ಮೇಲಕ್ಕೇ ತೇಲಿಸುತ್ತಿದ್ದವು. ಒಂದೇ ಕೂಟದಲ್ಲಿ 43 ವಿಶ್ವದಾಖಲೆ! ದೀಪಾವಳಿ ಸರಪಟಾಕಿ ಥರ.

200 ಮೀಟರ್ ಫ್ರೀಸ್ಟೈಲ್‌ನಲ್ಲಿ ಜರ್ಮನಿಯ ಪಾಲ್ ಬೀಡರ್‌ಮನ್ ಸರಿಯಾಗಿ 1 ನಿಮಿಷ 42 ಸೆಕೆಂಡಿಗೆ ಮುಗಿಸಿ ಅಮೆರಿಕದ ಈಜು ದಿಗ್ಗಜ ಮೈಕೆಲ್ ಫೆಲ್ಪ್ಸ್‌ನನ್ನೇ ಸೋಲಿಸಿಬಿಟ್ಟ. ಅದರಲ್ಲಿ ಉಡುಗೆಯ ಪಾಲೂ ಇದೆ ಅಂತ ಅವನೇ ಒಪ್ಪಿಕೊಂಡಿದ್ದ. ಅದು ನನಗೆ ಇಷ್ಟವಾಯಿತು.

2010ರಿಂದ ಆ ಉಡುಗೆಗಳಿಗೆ ನಿಷೇಧ. ದಾಖಲೆಗಳನ್ನು ಮಾತ್ರ ಹಾಗೇ ಬಿಟ್ಟರು. ಇದು ಯಾವ ನ್ಯಾಯ? ಆಮೇಲೆ ಬಂದ ಹುಡುಗರು ಬರೀ ಬಟ್ಟೆಯ ಚಡ್ಡಿ ಹಾಕಿಕೊಂಡು ಅವನ್ನು ಮುರಿಯಬೇಕು, ಅಲ್ವಾ?

ಅದೇ ಕೂಟದಲ್ಲಿ ಬ್ರೆಜಿಲ್‌ನ ಸೀಸರ್ ಸಿಯೆಲೊ 100 ಮೀಟರ್ ಫ್ರೀಸ್ಟೈಲ್ ಈಜಿದ್ದು 46.91 ಸೆಕೆಂಡಿನಲ್ಲಿ. ಹದಿಮೂರು ವರ್ಷ ಅದು ಅಲ್ಲಾಡಲಿಲ್ಲ. 2022ರಲ್ಲಿ ರೊಮೇನಿಯಾದ ಡೇವಿಡ್ ಪೊಪೊವಿಚಿ 46.86ಕ್ಕೆ ಮುಗಿಸಿದ. ಅದೂ ರೋಮ್‌ನಲ್ಲೇ, 2009ರ ಕೂಟ ನಡೆದಿದ್ದ ಅದೇ ಫೋರೊ ಇಟಾಲಿಕೋ ಕ್ರೀಡಾ ಸಂಕೀರ್ಣದಲ್ಲಿ! ಆಗ ಅವನಿಗೆ 17 ವರ್ಷ.

ಬೀಡರ್‌ಮನ್‌ನ 200 ಮೀಟರ್ ದಾಖಲೆ ಮಾತ್ರ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಯಾರ ಕೈಗೂ ಸಿಗಲಿಲ್ಲ. ಅಲ್ಲಿ ಚಿನ್ನ ಗೆದ್ದ ಪೊಪೊವಿಚಿಗೇ 1 ನಿಮಿಷ 44.72 ಸೆಕೆಂಡ್ ಬೇಕಾಯಿತು.